ತಪ್ಪು ಶ್ರುತಿಯ ಏಳು ಹಾಡು

ಮನೆ, ಹಿಂದಿನ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ಕುರ್ಚಿಯ ತುದಿಯಲ್ಲಿ ಕೂರಬೇಡ ಎಂದು ಚಿಕ್ಕಂದಿನಿಂದ ಬಡಿದುಕೊಂಡಿದ್ದೇನೆ, ನೀನು ಕೇಳಿದ್ದರೆ ತಾನೇ. ಅಳಿಯಂದಿರ ಕೆಮ್ಮು ಇಳಿಯಿತೆ? ನಾನು ಗಟ್ಟಿಯಾಗಿಯೇ ಇದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಫೋನಿನಲ್ಲಿ ತಮ್ಮನ ಹೆಸರೆತ್ತಿದರೆ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಬಂದು ಮುಂದಕ್ಕೆ ಓದು. ಜೊತೆಗೆ ಹಾಡುತ್ತಿದ್ದ ಅಕ್ಕನನ್ನು ಬಿಟ್ಟು ಒಬ್ಬನೇ ಹೋಗಿ ಆ ಹಾಡಿನ ಕಂಪನಿಗೆ ಸಹಿ ಹಾಕಿದ್ದು ತಪ್ಪೇ. ನೀನು ವಯೊಲಿನ್ ಇಲ್ಲೇ ಬಿಟ್ಟು ಹೊರಟೆ, ನಾನು ತಡೆಯಲಿಲ್ಲ. ಈಗ ಅದೇ ಕಂಪನಿ ಅವನ ಕುತ್ತಿಗೆಗೆ ಬಂದಿದೆ. ಅವನ ಹಾಡುಗಳ ಮೇಲೆ ಡಬ ಡಬ ಸದ್ದು ಸುರಿದರು, ಸಾಲುಗಳನ್ನು ಕತ್ತರಿಸಿದರು. ಸಾಕು, ಬಿಡುತ್ತೇನೆ ಎಂದ. ಒಪ್ಪಂದದಲ್ಲಿ ಇನ್ನೊಂದು ಆಲ್ಬಂ ಬಾಕಿಯಿದೆ, ಎಂಟು ಹಾಡು ಕೊಟ್ಟು ಹೋಗು, ಅಲ್ಲಿಯವರೆಗೆ ಬೇರೆಲ್ಲೂ ಬಾಯಿ ಬಿಡುವ ಹಾಗಿಲ್ಲ ಎಂದರು.

ಆಗ ನಿನ್ನ ತಮ್ಮನ ತಲೆಗೆ ಒಂದು ಘನಂದಾರಿ ಉಪಾಯ ಹೊಳೆಯಿತು. "ಎಂಟು ಹಾಡು ಅಂತ ಇದೆ ಅಮ್ಮಾ, ಚೆನ್ನಾಗಿರಬೇಕು ಅಂತ ಎಲ್ಲೂ ಬರೆದಿಲ್ಲ" ಎಂದ. ಈ ಕೋಣೆಯ ಗೋಡೆಗೆಲ್ಲ ನನ್ನ ಒಳ್ಳೊಳ್ಳೆಯ ರಗ್ಗುಗಳನ್ನು ನೇತುಹಾಕಿ, ಮೈಕು ನಿಲ್ಲಿಸಿ, ಬೇಕೆಂದೇ ಅಪಶ್ರುತಿಯಲ್ಲಿ ಹಾಡತೊಡಗಿದ. ಒಂದು ಕೂದಲೆಳೆಯಷ್ಟು ಕೆಳಗೆ, ದಿನವೂ, ವಾರಗಟ್ಟಲೆ. ನಿಮ್ಮಿಬ್ಬರಿಗೂ ಸ್ವರ ಕಲಿಸಿದವಳು ನಾನು. ತಪ್ಪಿದರೆ ತೊಡೆಗೆ ಬೀಳುತ್ತಿದ್ದ ಏಟು ನಿನಗೂ ನೆನಪಿರಬೇಕು. ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳುವಾಗ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತಿತ್ತು. ಬೈದೆ. ನಕ್ಕ. ಕಂಪನಿಯಿಂದ ಬಿಡುಗಡೆಯಾದರೆ ಸಾಕು ಎಂದುಕೊಂಡು ಒಲೆಯ ಕಡೆ ತಿರುಗಿದೆ.

ಹೋದ ವಾರ ಕಂಪನಿಯ ಮ್ಯಾನೇಜರ್ ಬಂದ. ನಾನು ಅವನಿಗೆ ಇಟ್ಟಿರುವ ಹೆಸರು ಬೆಣ್ಣೆಮಾತಿನವನು. ಮುಗಿದ ಹಾಡುಗಳನ್ನು ಕಣ್ಣು ಮುಚ್ಚಿಕೊಂಡು ಕೇಳಿದ. ಕೋಪವೇ ಇಲ್ಲ. "ಇದನ್ನೇ ಬಿಡ್ತೀವಿ, ನಿಮ್ಮ ದೊಡ್ಡ ಫೋಟೋ ಹಾಕಿ. ಜನ ನಗೋಕಾದ್ರೂ ಕೇಳ್ತಾರೆ" ಎಂದು ಪ್ರತಿ ತೆಗೆದುಕೊಂಡು, ತಿಂಗಳ ಕೊನೆಯೊಳಗೆ ಬೇರೆ ಕೊಟ್ಟರೆ ಸರಿ, ಇಲ್ಲವಾದರೆ ಇವೇ ಹೊರಗೆ ಬರುತ್ತವೆ ಎಂದು ಹೊರಟ. ನಾನು ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿದ, ಪುಣ್ಯಾತ್ಮ. ಒಮ್ಮೆ ಹೊರಗೆ ಬಂದರೆ ನಿನ್ನ ತಮ್ಮನ ಹೆಸರು ಮಣ್ಣುಪಾಲಾದಂತೆಯೇ. ಮುಂದೆ ಯಾರು ಕರೆದು ಹಾಡಿಸುತ್ತಾರೆ?

ಅವನು ಹೋದ ಮೇಲೆ ನಿನ್ನ ತಮ್ಮ ಎಲ್ಲವನ್ನೂ ಸರಿಯಾಗಿ ಹಾಡಲು ಕೂತ. ಆಗ ಗೊತ್ತಾಯಿತು. ಅವನಿಗೆ ಶ್ರುತಿ ಸಿಗುತ್ತಿಲ್ಲ. ಹಟಕ್ಕೆ ಬಿದ್ದು ಕೆಳಗಿಳಿಸಿದ್ದ ಸ್ವರ ಅಲ್ಲೇ ಕೂತುಬಿಟ್ಟಿದೆ. ತಾನು ಸರಿಯಾಗಿ ಹಾಡಿದೆ ಎಂದುಕೊಂಡು ನನ್ನ ಮುಖ ನೋಡುತ್ತಾನೆ, ನಾನು ತಲೆ ಅಲ್ಲಾಡಿಸುತ್ತೇನೆ, ಮತ್ತೆ ಹಾಡುತ್ತಾನೆ. ನಾನು ಹಾಡಿ ತೋರಿಸೋಣವೆಂದರೆ ಈ ವಯಸ್ಸಿನ ಗಂಟಲು ಎರಡು ಸಾಲಿಗೆ ಸೋಲುತ್ತದೆ. ನಿನ್ನೆ ನನ್ನ ಸೆರಗು ಹಿಡಿದುಕೊಂಡು ಅತ್ತ, ಇಷ್ಟು ದೊಡ್ಡ ಗಂಡಸು. ನನಗೆ ಭಯವಾಗಿದೆ ಮಗಳೇ. ಚಿಕ್ಕವನಿದ್ದಾಗ ಅವನು ಜಾರಿದರೆ ನೀನು ಪಕ್ಕದಲ್ಲಿ ಕೂತು ಒಂದೇ ಸ್ವರವನ್ನು ಎಳೆದು ಹಿಡಿಯುತ್ತಿದ್ದೆ, ಅವನು ಬಂದು ಸೇರುವವರೆಗೆ. ವಯೊಲಿನ್ನಿನ ಕಮಾನು ನಿಲ್ಲಿಸುತ್ತಲೇ ಇರಲಿಲ್ಲ.

ನೀನು ಬರಲೇಬೇಕೆಂದು ನಾನು ಹೇಳುತ್ತಿಲ್ಲ. ನಿನ್ನ ಸಿಟ್ಟು ನಿನ್ನದು, ನ್ಯಾಯವೂ ನಿನ್ನ ಕಡೆಯೇ ಇದೆ. ಆರೋಗ್ಯ ನೋಡಿಕೋ. ಅಳಿಯಂದಿರಿಗೆ ಕುಡಿಯಲು ಬಿಸಿನೀರು ಬಿಟ್ಟು ಬೇರೇನೂ ಕೊಡಬೇಡ. ಇಬ್ಬರೂ ನೂರ್ಕಾಲ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಒಂದು ಮಾತು ಬಿಟ್ಟುಹೋಯಿತು. ಅವನು ಕೆಡಿಸಿದ್ದು ಏಳು ಹಾಡು ಮಾತ್ರ. ಎಂಟನೆಯದಕ್ಕೆ ಆರಿಸಿಕೊಂಡಿದ್ದು, ನೀನು ಶಾಲೆಗೆ ಹೋಗುತ್ತಿದ್ದಾಗ ಅವನನ್ನು ಮಲಗಿಸಲು ಕಟ್ಟಿದ್ದೆಯಲ್ಲ, ಆ ಹಾಡು. ಮೂರು ದಿನ ಮೈಕಿನ ಮುಂದೆ ಕೂತ. "ಅಕ್ಕನ ಹಾಡನ್ನ ತಪ್ಪು ಹಾಡೋಕೆ ಬಾಯೇ ಬರಲ್ಲಮ್ಮ" ಎಂದು ಎದ್ದುಬಿಟ್ಟ. ಇಂದು ಬೆಳಿಗ್ಗೆ ನಿನ್ನ ವಯೊಲಿನ್ ಅಟ್ಟದಿಂದ ಇಳಿಸಿ ತಾನೇ ಶ್ರುತಿ ಮಾಡಲು ಹೋದ. ಎಲ್ಲಿ ನಿಲ್ಲಿಸಬೇಕೆಂದು ಕಿವಿಗೆ ತಿಳಿಯದೆ ಬಿಗಿಯುತ್ತಲೇ ಹೋದ, ತಂತಿ ಹರಿಯಿತು. ನಾನು ಬರೆದಿರುವುದು ಅವನಿಗೆ ಗೊತ್ತಿಲ್ಲ. ಬರುವಾಗ ತಂತಿ ತೆಗೆದುಕೊಂಡು ಬಾ.