‘ಸ್ಟ್ರೀಮ್’ ಪುಟದ ತಪ್ಪು

ಮಾನ್ಯ ನಿಘಂಟು ಸಂಪಾದಕರಿಗೆ,

‘ಸ್ಟ್ರೀಮ್’ ಪದದ ಕರಡಚ್ಚಿನಲ್ಲಿ ಇಡೀ ಸಾಲೇ ಬದಲಾಗಿದೆ, ಕಣ್ಣು ಎಲ್ಲಿಟ್ಟಿದ್ದಿರಿ ಎಂದು ಕೇಳಿದ್ದೀರಿ. ಕಣ್ಣು ಕರಡಿನ ಮೇಲೇ ಇತ್ತು ಸ್ವಾಮಿ.

ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ನನ್ನವಳು ನಿಮ್ಮ ಹಸ್ತಪ್ರತಿಯನ್ನು ಅಲ್ಪವಿರಾಮದ ಸಮೇತ ಗಟ್ಟಿಯಾಗಿ ಓದುತ್ತಾಳೆ, ಅದಕ್ಕೆ ಹೋಲಿಸಿ ನಾನು ಅಚ್ಚನ್ನು ತಿದ್ದುತ್ತೇನೆ. ಮಗಳು ತೀರಿಹೋದ ಮೇಲೆ ಅವಳು ಬಾಯಿ ಬಿಡುವುದು ಈ ಕೆಲಸಕ್ಕೆ ಕೂತಾಗ ಮಾತ್ರ.

ತೊರೆ, ಧಾರೆ, ಕಾರ್ಖಾನೆಯಿಂದ ಸಾಲುಗಟ್ಟಿ ಹೊರಬೀಳುವ ಜನ, ಫೋನಿನಲ್ಲಿ ಹರಿದುಬರುವ ಸಿನಿಮಾ, ಎಲ್ಲ ಅರ್ಥಗಳನ್ನೂ ಸರಾಗವಾಗಿ ಓದಿದಳು. ಆಮೇಲೆ ನಿಮ್ಮ ಉದಾಹರಣೆ ಬಂತು. ಅಚ್ಚಿನಲ್ಲಿ ‘ತೊರೆ ಹುಡುಗಿಯನ್ನು ಕೊಚ್ಚಿಕೊಂಡು ಹೋಯಿತು’ ಎಂದಿತ್ತು.

ಅವಳು ಓದಿದ್ದು ಬೇರೆ. “ತೊರೆ ಹುಡುಗಿಯನ್ನು ದಡಕ್ಕೆ ತಂದು ಬಿಟ್ಟಿತು, ಪೂರ್ಣವಿರಾಮ.”

ತಲೆ ಎತ್ತಿ ನೋಡಿದೆ. ಅವಳು ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

“ತಿದ್ದಿದ್ರಾ?” ಎಂದಳು.

“ತಿದ್ದಿದೆ” ಎಂದು ಅಚ್ಚಿನ ಸಾಲನ್ನು ಹೊಡೆದುಹಾಕಿ, ಅವಳು ಓದಿದ್ದನ್ನೇ ಬರೆದೆ.

ನಿಘಂಟು ನಿಮ್ಮದು, ಮೊದಲಿದ್ದಂತೆಯೇ ಮಾಡಿಕೊಳ್ಳಿ. ತಪ್ಪನ್ನು ನನ್ನ ತಲೆಗೇ ಕಟ್ಟಿ, ಅವಳ ಹತ್ತಿರ ಒಂದು ಮಾತೂ ಎತ್ತಬೇಡಿ. ಆ ಪುಟ ಮಾತ್ರ ಮತ್ತೆ ನಮ್ಮ ಮನೆಗೆ ಬರುವುದು ಬೇಡ.

ಮುಂದಿನ ಕಟ್ಟಿನಲ್ಲಿ ‘ಸ್ವಿಮ್’ ಇರುತ್ತದಲ್ಲವೇ? ಆ ಹಾಳೆಯನ್ನು ಬೇರೆ ಯಾರಿಗಾದರೂ ಕೊಡಿ. ಉಳಿದದ್ದನ್ನು ಬೇಗ ಕಳಿಸಿ. ಓದಲು ಹಾಳೆ ಇಲ್ಲದ ದಿನ ಈ ಮನೆಯಲ್ಲಿ ದನಿಯೇ ಇರುವುದಿಲ್ಲ.

ಇಂತಿ ತಮ್ಮ,
ಕರಡು ತಿದ್ದುವವನು