ಬೊಗಳದ ಸುಬ್ಬಿಗೊಂದು ಮನೆ

ಹನಗೋಡು
ಭಾನುವಾರ, 22-9-2024

ಪ್ರೀತಿಯ ಸೌಂದರ್ಯ,

ನಿನಗೂ ನನ್ನ ಮೊಮ್ಮಗಳಿಗೂ ಈ ಅತ್ತೆಯ ಆಶೀರ್ವಾದ. ಹೇಗಿದ್ದೀಯ ತಾಯಿ? ಸೊಂಟದ ನೋವು ಕಡಿಮೆಯಾಯಿತೇ? ಮಗುವಿಗೆ ಹಾಲು ಸಾಕಾಗುತ್ತಿದೆಯೇ? ರಾತ್ರಿಯೆಲ್ಲ ಎದ್ದಿದ್ದು ಹಗಲು ನಿದ್ದೆ ಹೊಡೆಯುತ್ತಾಳೆ ಎಂದು ಯತೀಶ ಹೇಳಿದ. ಅವನೂ ಹಾಗೇ ಇದ್ದ. ಅಪ್ಪನ ಬುದ್ಧಿ ಬಂದಿದೆ, ಏನು ಮಾಡುವುದು. ತಣ್ಣೀರು ಮುಟ್ಟಬೇಡ, ಕಿವಿಗೆ ಬಟ್ಟೆ ಕಟ್ಟಿಕೊಂಡಿರು. ನಿಮ್ಮಮ್ಮ ಇದನ್ನೆಲ್ಲ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಗೊತ್ತು, ಆದರೂ ಹೇಳದಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಇಲ್ಲಿ ಹೊಗೆಸೊಪ್ಪಿನ ಕೆಲಸ ಜೋರು. ಸೊಪ್ಪು ಒಣಗಿಸುವ ಬ್ಯಾರನ್ನು ಹಗಲೂ ರಾತ್ರಿ ಉರಿಯುತ್ತಿದೆ, ನಿಮ್ಮ ಮಾವ ಬೆಂಕಿ ಬಿಟ್ಟು ಕದಲುತ್ತಿಲ್ಲ, ಊಟ ಅಲ್ಲಿಗೇ ಹೋಗುತ್ತಿದೆ. ಎದುರುಮನೆ ಶಾಂಭವಿ ನಾಳೆ ಕೆ.ಆರ್. ನಗರಕ್ಕೆ ಬರುತ್ತಿದ್ದಾಳೆ, ಅವಳ ಕೈಲಿ ಅಂಟಿನುಂಡೆಯ ಡಬ್ಬಿ ಕಳಿಸುತ್ತಿದ್ದೇನೆ. ಈ ಕಾಗದ ಅದರ ಅಡಿಯಲ್ಲಿದೆ.

ಫೋನು ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಚಪಲ ಯಾಕೆ ಬಂತು ಅಂತ ನಗುತ್ತೀಯೇನೋ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಸ್ಪೀಕರ್ ಹಾಕಿಬಿಡುತ್ತಾರೆ, ನಾನು ಕೆಮ್ಮಿದರೂ ನಿಮ್ಮ ಬೀದಿಗೆಲ್ಲ ಕೇಳುತ್ತದೆ. ಇನ್ನೊಂದು, ನೀನು ಸುಬ್ಬಿಯ ವಿಷಯ ಕೇಳಿದಾಗಲೆಲ್ಲ ನಾನು ಸಾರಿಗೆ ಏನು ಮಾಡಿದರು, ಮಗು ಸೀನಿತಾ ಅಂತ ಮಾತು ತಿರುಗಿಸುತ್ತಿದ್ದೆ. ಅದು ಹಸಿ ಬಾಣಂತಿಗೆ ಹೇಳುವ ಸಂಗತಿಯಾಗಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಎದೆ ಹೊಡೆದುಕೊಳ್ಳಬೇಡ. ಸುಬ್ಬಿ ಚೆನ್ನಾಗಿದ್ದಾಳೆ. ಇನ್ನು ನಿಧಾನವಾಗಿ ಓದು.

ಕೊಪ್ಪದ ಮಾರ್ಕೆಟ್ಟಿನಲ್ಲಿ ಯಾರೋ ಕಾರಿನವರು ಇಳಿಸಿ ಹೋದ ಆ ಮುದಿನಾಯಿ ಸುಬ್ಬಿಯನ್ನು ನೀನು ಆಟೋದಲ್ಲಿ ಕೂರಿಸಿಕೊಂಡು ಬಂದ ದಿನ ನಾನು ಎಷ್ಟು ಕೂಗಾಡಿದೆ ಅನ್ನುವುದು ನಿನಗೆ ಮರೆತಿರಲಿಕ್ಕಿಲ್ಲ. ಅಡುಗೆಮನೆ ಹೊಸ್ತಿಲು ದಾಟಿದರೆ ನೋಡು ಅಂದಿದ್ದೆ. ವಾರ ಕಳೆಯುವುದರೊಳಗೆ ನನ್ನ ಮಣೆಯ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿತ್ತು. ಯತೀಶನಿಗೆ ಉಬ್ಬಸ ಹೆಚ್ಚಾಗದೇ ಇದ್ದಿದ್ದರೆ ಅದು ಇಲ್ಲಿಂದ ಕದಲುತ್ತಲೇ ಇರಲಿಲ್ಲ. ನಾಯಿಕೂದಲು ಆಗಿಬರುವುದಿಲ್ಲ ಎಂದು ಹುಣಸೂರಿನ ಡಾಕ್ಟರು ಖಂಡಿತವಾಗಿ ಹೇಳಿದ ಮೇಲೆ ನಾವು ತಾನೆ ಏನು ಮಾಡುವುದು. ನೀನು ತವರಿಗೆ ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು, “ಅತ್ತೆ, ನಾನು ಬರೋ ಹೊತ್ತಿಗೆ ಇವಳಿಗೊಂದು ಖಾಯಂ ಮನೆ ನೋಡಿ, ಇನ್ನೊಂದ್ಸಲ ಮಾತ್ರ ಬೀದಿಗೆ ಬೀಳಬಾರದು” ಅಂದೆಯಲ್ಲ, ಆ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿತ್ತು.

ಮೊದಲು ಪಿರಿಯಾಪಟ್ಟಣದಿಂದ ನಮ್ಮ ನಂಜಣ್ಣ ಬಂದ. ತೋಟಕ್ಕೆ ಕಾವಲಿಗೆ ನಾಯಿ ಬೇಕು ಅಂತಿದ್ದ. ಸುಬ್ಬಿಯ ಸುತ್ತ ಒಂದು ಸುತ್ತು ಬಂದ, ಚಪ್ಪಾಳೆ ತಟ್ಟಿದ, ಕೋಲು ಬೀಸಿದ. ಅವಳು ಬಾಲ ಅಲ್ಲಾಡಿಸಿ ಅವನ ಕಾಲ ಮೇಲೆ ಮಲಗಿದಳು. “ಇದು ಬೊಗಳಾದೇ ಇಲ್ವಲ್ಲಕ್ಕ, ಕಳ್ಳ ಬಂದ್ರೆ ಕಾಫಿ ಕೊಟ್ಟು ಕಳಿಸ್ತದೆ ಕಣ” ಅಂದು ಎದ್ದುಹೋದ. ಕೇಳಿದ ಮನೆಗಳಲ್ಲೆಲ್ಲ ಇದೇ ಮಾತು. ವಯಸ್ಸಾಗಿದೆ, ಹಲ್ಲಿಲ್ಲ, ಬೊಗಳುವುದಿಲ್ಲ, ಇನ್ನೇನಕ್ಕೆ ಸಾಕಬೇಕು ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ನಿಮ್ಮ ಮಾವನಿಗೂ ವಯಸ್ಸಾಗಿದೆ, ಹಲ್ಲಿಲ್ಲ, ಅವರನ್ನು ನಾನು ಇಟ್ಟುಕೊಂಡಿಲ್ಲವೇ ಅಂತ ಒಬ್ಬರನ್ನು ಕೇಳಿಯೇಬಿಟ್ಟೆ. ಕೊನೆಗೆ ಎಚ್.ಡಿ. ಕೋಟೆಯಲ್ಲಿ ನಮ್ಮ ದೂರದ ನೆಂಟರು ಸಿದ್ದಮಲ್ಲಪ್ಪನವರು ಒಪ್ಪಿದರು. ಒಳ್ಳೆ ಜನ, ದೊಡ್ಡ ಮನೆ. ನಾನೇ ಹೋಗಿ ಬಿಟ್ಟುಬಂದೆ.

ಎಡವಟ್ಟಾಗಿದ್ದು ಅಲ್ಲೇ. ನಮ್ಮಲ್ಲಿ ಹಸು ಮಾರಿದರೂ ದಾನ ಕೊಟ್ಟರೂ ಹಗ್ಗ ಕೊಡುವುದಿಲ್ಲ, ಹಗ್ಗದ ಜೊತೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ. ಕೊಂಡವರು ತಮ್ಮ ಹಗ್ಗ ತರಬೇಕು, ನಮ್ಮದನ್ನು ಬಿಚ್ಚಿಟ್ಟುಕೊಳ್ಳಬೇಕು. ಇಷ್ಟು ವರ್ಷದಲ್ಲಿ ಎಷ್ಟು ಕೊರಳಿಂದ ಬಿಚ್ಚಿದ್ದೇನೋ, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಸುಬ್ಬಿಯ ಬೆಲ್ಟನ್ನೂ ಹಾಗೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅದರ ಮೇಲೆ ನೀನು ನಮ್ಮ ಫೋನ್ ನಂಬರು ಬರೆದಿದ್ದೆ ಅನ್ನುವುದು ಹೊಳೆಯಲೇ ಇಲ್ಲ. ಅವರು ಪಾಪ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಮಲಗಿಸಿದರಂತೆ. ಮನೆಯೊಳಗೆ ಮಲಗಿ ಅಭ್ಯಾಸವಾದವಳಿಗೆ ಅದು ಒಗ್ಗಲಿಲ್ಲವೋ ಏನೋ, ಬೆಳಿಗ್ಗೆ ನೋಡಿದರೆ ಇಲ್ಲ. ಹುಡುಕೋಣವೆಂದರೆ ಯಾರನ್ನು ಏನಂತ ಕೇಳುವುದು? ಕೊರಳಲ್ಲಿ ಬೆಲ್ಟಿಲ್ಲದ ನಾಯಿ ಎಂದರೆ ಊರಿಗೆಲ್ಲ ಬೀದಿನಾಯಿಯೇ. ಅವರೇ ಫೋನು ಮಾಡಿ ಸುದ್ದಿ ಹೇಳಿದರು. ಬೀದಿಗೆ ಬೀಳಬಾರದು ಅಂತ ನೀನು ಹೇಳಿಹೋದವಳನ್ನು ನಾನೇ ಬೀದಿಗೆ ಹಾಕಿದೆನಲ್ಲ ಅಂತ ಅನ್ನ ಸೇರುತ್ತಿರಲಿಲ್ಲ. ಯತೀಶ ಸೊಪ್ಪಿನ ಕೆಲಸ ಬಿಟ್ಟು ಬೈಕಿನಲ್ಲಿ ಕೋಟೆಯ ಗಲ್ಲಿಗಲ್ಲಿ ಸುತ್ತಿದ. ಉಬ್ಬಸ ಇಟ್ಟುಕೊಂಡು ನಾಯಿ ಹುಡುಕಿದ ಗಂಡ ನಿನಗೆ ಸಿಕ್ಕಿದ್ದಾನೆ, ಅದನ್ನಾದರೂ ನೆನಪಿಟ್ಟುಕೋ.

ಅವನೇ ಸುಬ್ಬಿಯ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದು. ಕಾಡಂಚಿನ ಗಿರಿಜನರ ಹಾಡಿಯಿಂದ ನಮ್ಮ ಕಡೆಗೆ ಕೂಲಿಯವರನ್ನು ಜೀಪಿನಲ್ಲಿ ಕರೆತರುತ್ತಾನಲ್ಲ ಬೆಟ್ಟಸ್ವಾಮಿ, ಅವನು ನೋಡಿ ಫೋನು ಮಾಡಿದ. “ಅವ್ವಾ, ಈ ನಾಯಿ ನಮ್ ಕೆಂಪಮ್ಮನ ಮನೇಲಿ ಐತೆ ಕಣವ್ವ.” ಆ ಜೀಪಿನಲ್ಲೇ ಕೂಲಿಯವರ ನಡುವೆ ಕೂತು ಹೋದೆ, ಬೆಲ್ಟು ಚೀಲದಲ್ಲಿತ್ತು. ಈ ಕೆಂಪಮ್ಮ, ಅಂದರೆ ಕೆಂಪಿ, ನನ್ನ ವಾರಗೆಯವಳು, ಗಂಡನಿಲ್ಲ, ತಮ್ಮ ಸಿದ್ದನ ಮನೆಗೆ ಅಂಟಿಕೊಂಡಂತೆ ಅವಳದೊಂದು ಪುಟ್ಟ ಮನೆ. ಯಾವುದೋ ಕೆಲಸಕ್ಕೆ ಕೋಟೆಯ ಆಫೀಸಿಗೆ ಹೋದವಳು ಮರದ ನೆರಳಲ್ಲಿ ಕೂತಿದ್ದಾಗ ಸುಬ್ಬಿ ಬಂದು ಕಾಲ ಮೇಲೆ ತಲೆಯಿಟ್ಟು ಮಲಗಿದಳಂತೆ. ಸಂಜೆಯಾದರೂ ಕೇಳುವವರು ಬರಲಿಲ್ಲ. ಕೊರಳಲ್ಲಿ ಏನೂ ಇಲ್ಲ, ಯಾರದೂ ಅಲ್ಲ ಅಂದುಕೊಂಡು ಸೆರಗಿನ ಅಂಚು ಹರಿದು ಕಟ್ಟಿ ಕರೆದುಕೊಂಡು ಬಂದಳಂತೆ.

ನಾನು ಒಳಗೆ ಕಾಲಿಟ್ಟಾಗ ಸುಬ್ಬಿ ಒಲೆಯ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಎದ್ದು ಬಂದು ನನ್ನ ಕೈ ಮೂಸಿದಳು, ನೆಕ್ಕಿದಳು, ಸೀರೆಗೆಲ್ಲ ಜೊಲ್ಲು ಮಾಡಿದಳು. ಆಮೇಲೆ ತಿರುಗಿ ಹೋಗಿ ಕೆಂಪಿಯ ಕಾಲ ಬುಡದಲ್ಲಿ ಕೂತಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಬೊಗಳುವುದಿಲ್ಲವಲ್ಲ, ನಿನಗೇನು ಉಪಯೋಗ ಅಂತ ಕೇಳಿದೆ. ಕೆಂಪಿ ನಕ್ಕುಬಿಟ್ಟಳು. “ಬೊಗಳೋ ನಾಯಿ ಇಲ್ಲಿ ಬ್ಯಾಡ ಕಣವ್ವ. ಆನೆ ಕಂಡ್ರೆ ಬೊಗ್ಳತದೆ, ಅದು ಅಟ್ಟುಸ್ಕಂಡು ಬಂದ್ರೆ ಸೀದಾ ಮನೆಗೇ ಓಡ್ಬತ್ತದೆ. ಹಿಂದೆ ಆನೆ. ನಮ್ಗೆ ಇಂತದೇ ಸರಿ.” ಚಿರತೆ ಇಲ್ಲವೇ ಅಂದೆ. “ಅದೆ. ಅದ್ಕೇ ಕತ್ಲಾಗಕ್ಕೆ ಮುಂಚೆ ಒಳೀಕೆ ಕರ್ಕಂಡು ಬಾಗ್ಲಾಕ್ತೀನಿ. ನನ್ ಕಂಬಳೀಲೇ ಮಲಗ್ತದೆ” ಅಂದಳು. ಹೊಲ, ತೋಟ, ದೊಡ್ಡ ಮನೆ ಇದ್ದವರೆಲ್ಲ ಯಾವುದನ್ನು ಕುಂದು ಅಂದರೋ ಅದೇ ಇವಳಿಗೆ ಬೇಕಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಅಂತ ಹೇಳಿ ಒರೆಸಿಕೊಂಡೆ.

ಎದ್ದು ಬರುವಾಗ ಬೆಲ್ಟು ತೆಗೆದು ಕೆಂಪಿಯ ಕೈಯಲ್ಲಿಟ್ಟೆ. ಅವಳಿಗೂ ರೂಢಿ ಗೊತ್ತು, ಕೈ ಹಿಂದಕ್ಕೆಳೆದುಕೊಂಡಳು. “ಹಗ್ಗ ಕೊಡಬಾರ್ದು ಕಣವ್ವ, ಮನೆಗೆ ಆಗ್ಬರಾಕಿಲ್ಲ” ಅಂದಳು. ಇರಲಿ ತಗೋ ಅಂದೆ. ನಮ್ಮ ಮನೆಯ ಲಕ್ಷ್ಮಿ ಸದ್ಯಕ್ಕೆ ಕೆ.ಆರ್. ನಗರದಲ್ಲಿ ನಿನ್ನ ತೊಡೆಯ ಮೇಲಿದ್ದಾಳೆ, ಒಂದು ಬೆಲ್ಟಿನ ಜೊತೆ ಎಲ್ಲಿಗೆ ಹೋಗುತ್ತಾಳೆ. ಹೋದರೂ ಒಂದಿಷ್ಟು ಆ ಮನೆಗೂ ಹೋಗಲಿ ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ ನಾನು ಹಗ್ಗ ಕೊಟ್ಟು ಬಂದಿದ್ದೇನೆ, ನಿಮ್ಮ ಮಾವನಿಗೆ ಹೇಳಬೇಡ.

ಸೌಂದರ್ಯ, ಒಂದು ಮಾತು ಹೇಳಬೇಕು. ನೀನು ತವರಿಗೆ ಹೋದ ಮೇಲೆ, ಗಂಡಸರೆಲ್ಲ ಬ್ಯಾರನ್ ಸೇರಿದ ಮೇಲೆ, ಈ ಮನೆಯಲ್ಲಿ ನನ್ನ ಜೊತೆ ಇದ್ದವಳು ಅವಳೊಬ್ಬಳೇ. ಸೊಪ್ಪು ಬಿಡಿಸುವಾಗ ನನ್ನ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದಳು, ಒಂದಕ್ಕೂ ಎದುರಾಡಲಿಲ್ಲ. ಆ ಮುದಿಜೀವವನ್ನು ಮಾರ್ಕೆಟ್ಟಿನಲ್ಲೇ ಬಿಟ್ಟು ಬರದೆ ಮನೆಗೆ ಕರೆತಂದೆಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಕೆಂಪಿಯ ಋಣವನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ. ದೀಪ ಹಚ್ಚುವಾಗ ಅವಳ ಹೆಸರನ್ನೂ ನೆನೆಯುತ್ತಿದ್ದೇನೆ. ನಿಮ್ಮಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಮಗುವಿಗೆ ದೃಷ್ಟಿ ತೆಗೆಸು, ನೆತ್ತಿಗೆ ಎಣ್ಣೆ ಚೆನ್ನಾಗಿ ಒತ್ತಿಸು. ಅಂಟಿನುಂಡೆ ಯಾರಿಗೂ ಹಂಚದೆ ನೀನೇ ತಿನ್ನು.

ನಿಮ್ಮಿಬ್ಬರ ಮುಖ ನೋಡಲು ಕಾದಿರುವ ನಿನ್ನ ಅತ್ತೆ,
ರುಕ್ಮಿಣಮ್ಮ

ಮರೆತಿದ್ದೆ. ಡಬ್ಬಿ ತಗೊಂಡು ಹೋಗಲು ಶಾಂಭವಿ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಾಯಿ ಇನ್ನು ನಿನ್ನದೇ ಅಂತ ನಾನು ಎಷ್ಟು ಹೇಳಿದರೂ ಕೆಂಪಿ ಒಪ್ಪಿಲ್ಲ. ಕಾಪಾಡಿದವಳು ನಿಮ್ಮ ಸೊಸೆ, ಅವಳೇ ಬಾಯಿಬಿಟ್ಟು ಹೇಳಬೇಕು, ಅಲ್ಲೀವರೆಗೆ ಕಾಯ್ಕೊಂಡಿರ್ತೀನಿ ಅಷ್ಟೇ ಅನ್ನುತ್ತಾಳೆ. ನೀನು ಬಂದು ಕೇಳಿದರೆ ಕೊಟ್ಟುಬಿಡುತ್ತಾಳಂತೆ. ಅದಕ್ಕೇ ಇಷ್ಟು ದಿನವಾದರೂ ನಾಯಿಯನ್ನು ಹೆಸರು ಹಿಡಿದು ಕರೆದಿಲ್ಲ. “ಕರುದ್ಬುಟ್ರೆ ಆಮೇಲ್ ಬುಡಾಕಾಗಾಕಿಲ್ಲ ಕಣವ್ವ” ಅಂದಳು. ಬೆಟ್ಟಸ್ವಾಮಿಯ ನಂಬರು ಯತೀಶನ ಹತ್ತಿರ ಇದೆ. ಈಗಲೇ ಅವನಿಗೆ ಫೋನು ಮಾಡಿ, ಫೋನನ್ನು ಕೆಂಪಿಯ ಕೈಗೆ ಕೊಡಲು ಹೇಳು, ನಿಮ್ಮಮ್ಮ ಸ್ಪೀಕರ್ ಹಾಕಿದರೂ ಹಾಕಲಿ. “ಸುಬ್ಬಿ ನಿನ್ನವಳೇ, ಹೆಸರು ಹಿಡಿದು ಕರಿ” ಅಂತ ಅವಳಿಗೆ ಒಂದು ಮಾತು ಹೇಳಿಬಿಡು ತಾಯಿ.