ದೀಪ ಹಚ್ಚುವವರೆಗೆ

ಪಾಂಡವಪುರ
೧೭-೨-೨೦೨೫, ಸೋಮವಾರ

ನನ್ನ ಹೇಮಾ,

ಊಟ ಆಯಿತೇ, ನಿದ್ದೆ ಬಂತೇ ಎಂದು ಈ ಸಲ ಕೇಳುವುದಿಲ್ಲ. ಎರಡಕ್ಕೂ ಉತ್ತರವನ್ನು ನಿನ್ನ ಮಂಗಳತ್ತೆ ಬೆಳಗೊಳದಿಂದ ದಿನಾ ಫೋನ್ ಮಾಡಿ ಹೇಳುತ್ತಾರೆ. ಇವತ್ತು ಬೆಳಿಗ್ಗೆಯೂ ಹೇಳಿದರು: "ಅನ್ನ ಕಲ್ಸ್ಕೊಂಡು ಅಂಗೇ ಕುಂತಿರ್ತಾಳೆ ಕಣವ್ವ. ಬುಧವಾರ ಡಾಕ್ಟ್ರ ತಾವ ಬರಕ್ಕಿಲ್ಲ ಅಂತಾವ್ಳೆ. ಯಾರ್ ಮಾತ್ ಕೇಳ್ತಾಳೋ ಅವ್ರನ್ನ ಕಳ್ಸು, ನನ್ ಕೈಲಾಗಕ್ಕಿಲ್ಲ."

ನೀನು ಯಾರ ಮಾತು ಕೇಳುತ್ತೀ ಎಂದು ನನಗೆ ಗೊತ್ತು. ಒಂದನೇ ಕ್ಲಾಸಿನಿಂದ ನೀನು ಕೇಳಿದ್ದು ಯಾಸ್ಮೀನ್ ಮಾತೊಂದನ್ನೇ. ಅವಳ ಜೊತೆ ಮಾತು ಬಿಟ್ಟು ಎರಡು ತಿಂಗಳಾಯಿತು. ಹೋದ ಸಲ ಮೈಸೂರಿನ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಮಾತ್ರೆಯಷ್ಟೇ ಸಾಲದು, ಮನಸ್ಸು ಬಿಚ್ಚಿ ಮಾತಾಡುವಂಥವರೊಬ್ಬರು ಜೊತೆಗಿರಬೇಕು, ಬದುಕುವುದೇ ಬೇಡವೆನಿಸುತ್ತದೆ ಎಂದು ನಿಮ್ಮ ಮಗಳು ಅಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದರು. ಅದಕ್ಕೇ ಈ ಪತ್ರ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಹಾಳೆ ಹರಿದು ಹಾಕಿದೆ. ಇಪ್ಪತ್ತು ವರ್ಷ ಪಾಠ ಹೇಳಿ, ಕವಿತೆ ಓದಿ, ಒಂದು ನೇರ ವಾಕ್ಯ ಬರೆಯಲು ಇಷ್ಟು ಒದ್ದಾಡುತ್ತೇನೆಂದು ಗೊತ್ತಿರಲಿಲ್ಲ.

ನಡೆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಮ್ಮೆ ಸಾಲಾಗಿ ಬರೆದುಕೊಂಡರೆ ಮುಂದಿನದನ್ನು ಬರೆಯಲು ಕೈ ಬಂದೀತು.

ಟಿವಿಯವರ ಆ ರಿಯಾಲಿಟಿ ಷೋ ಮನೆಯಲ್ಲಿ ನಿನ್ನದು ಮೂವತ್ತೊಂದನೇ ದಿನ. ಅಡುಗೆಮನೆ ಗುಡಿಸುವಾಗ ನಿನಗೊಂದು ಚಿನ್ನದ ಕಿವಿಯೋಲೆ ಸಿಕ್ಕಿತು. ಕಣ್ಣಿಗೊತ್ತಿಕೊಂಡೆ, ದುಪ್ಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಹುಟ್ಟಿದ ಮಗು ಇನ್ನೇನು ಮಾಡೀತು? ಇದು ನಿನ್ನ ತಾತ ಹಾಕಿದ ಕಟ್ಟಲೆ. ನಮ್ಮ ಅಕ್ಕಸಾಲೆ ಅಂಗಡಿಯಲ್ಲಿ ಚೂರು ಬಂಗಾರ ಕೆಳಗೆ ಬಿದ್ದು ಸಿಕ್ಕರೂ ಆಗಲೇ ಕೂಗಿ ಹೇಳಬಾರದು, ಕೂತಿರುವ ಗಿರಾಕಿಗಳೆಲ್ಲ ನನ್ನದು ತನ್ನದು ಎನ್ನುತ್ತಾರೆ. ಗಂಟು ಹಾಕಿಟ್ಟುಕೊಂಡು, ಸಂಜೆ ದೀಪ ಹಚ್ಚಿದ ಮೇಲೆ ಕಾಳಿಕಾಂಬೆಯ ಪಟದ ಮುಂದಿಡಬೇಕು; ಕಳೆದುಕೊಂಡವರು ಗುರುತು ಹೇಳಿ ಅಲ್ಲಿಂದ ತೆಗೆದುಕೊಳ್ಳಬೇಕು. ಆ ಮನೆಯಲ್ಲಿ ಸಂಜೆಯಾಗುವ ಮೊದಲೇ ಓಲೆಯ ಒಡತಿ, ಆ ನಟಿ, ಅಳುತ್ತ ಬಂದಳು. ಎಲ್ಲರನ್ನೂ ತಡವಿ ನೋಡಿದರು. ಗಂಟು ಬಿಚ್ಚಿದಾಗ ನೀನು ಹೇಳಿದ್ದು ಒಂದೇ ಮಾತು: "ದೀಪ ಹಚ್ಚಲಿ ಅಂತ ಕಾಯ್ತಿದ್ದೆ." ನೀನು ಕೊಟ್ಟ ವಿವರಣೆಯನ್ನು ಅವರು ತೋರಿಸಲೇ ಇಲ್ಲ. ನಲವತ್ತು ಸೆಕೆಂಡಿನ ತುಣುಕು, ಕೊನೆಗೆ ಆ ಒಂದು ಮಾತು, ಹಿಂದೆ ನಗುವಿನ ಸದ್ದು.

ನೀನು ಹೊರಗೆ ಬರುವಷ್ಟರಲ್ಲಿ ಅದು ಊರಿನ ಮಾತಾಗಿತ್ತು. ನಾನು ಬಸ್ಸಿನಲ್ಲಿ ಚಿಲ್ಲರೆ ಕೇಳಿದರೆ ಕಂಡಕ್ಟರು, ನಾನು ಯಾರೆಂದು ಗೊತ್ತಿಲ್ಲದೆ, "ದೀಪ ಅಚ್ಲಿ ತಡೀರಮ್ಮ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಸಂತೆಬಾಚಹಳ್ಳಿಯಿಂದ ಚಿನ್ನದ ಗುಂಡು ಪೋಣಿಸಿಕೊಂಡು ಹೋಗಲು ಅಂಗಡಿಗೆ ಬಂದ ಹೆಂಗಸು ಅಪ್ಪನಿಗೆ, "ಕಣ್ ಮುಂದೇನೇ ಮಾಡ್ಕೊಡಿ ಆಚಾರ್ರೇ, ತೆಪ್ ತಿಳ್ಕಾಬ್ಯಾಡಿ" ಎಂದಳು. ಅಪ್ಪ, "ಕುಂತ್ಕಳವ್ವ, ಟೀ ತರಿಸ್ತೀನಿ, ಕಣ್ಣು ಮಾತ್ರ ಮುಚ್ಚಬ್ಯಾಡ" ಎಂದು ನಕ್ಕರು. ಮನೆಗೆ ಬಂದು ಕೈಕಾಲು ತೊಳೆಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ಇದನ್ನು ನಿನಗೆ ಹೇಳಿರಲಿಲ್ಲ.

ಹೇಳದ ಇನ್ನೊಂದಿದೆ.

ಆ ದಿನಗಳಲ್ಲಿ ನಾನೂ ನಿನ್ನಂತೆಯೇ ಫೋನ್ ಕೆಳಗಿಡುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರಿಹೋದರೂ ಓದುತ್ತಿದ್ದೆ. ಕ್ಲಾಸಿನಲ್ಲಿ ಹುಡುಗರಿಗೆ ಬರೆಯಲು ಕೊಟ್ಟು ಮೇಜಿನ ಕೆಳಗೆ ಓದುತ್ತಿದ್ದೆ. ನಮ್ಮ ಕುಲದ ಮೇಲೆ, ನಿನ್ನ ಮೈಯ ಮೇಲೆ, ನಿನ್ನನ್ನು ಹೆತ್ತವಳ ಮೇಲೆ ಅವರು ಬರೆದದ್ದೆಲ್ಲ ನನಗೆ ಬಾಯಿಪಾಠ. ಒಂದು ಮಧ್ಯಾಹ್ನ ತಡೆಯಲಾಗದೆ ‘ಕಾವೇರಿ ತೀರ’ ಎಂಬ ಹೆಸರಿನಲ್ಲಿ ಖಾತೆ ತೆರೆದೆ.

ಹೌದು ಮಗಳೇ. ಅದು ನಾನು.

ಆರು ವರ್ಷದವಳಿದ್ದಾಗ ನೀನು ಅಂಗಡಿಯಿಂದ ಮೂಗುಬೊಟ್ಟು ಎತ್ತಿಕೊಂಡು ಹೋಗಿ, ಮೂರು ದಿನ ಪೆನ್ಸಿಲ್ ಡಬ್ಬಿಯಲ್ಲಿಟ್ಟುಕೊಂಡು, ನಾನು ಕೇಳುವ ಮೊದಲೇ ಅತ್ತು ತಂದುಕೊಟ್ಟೆಯಲ್ಲ, ಅದನ್ನು ಬರೆದೆ. ಅಪ್ಪನಿಗೆ ಹೇಳುವುದಿಲ್ಲವೆಂದು ನಿನಗೆ ಮಾತು ಕೊಟ್ಟವಳು ಊರಿಗೆಲ್ಲ ಹೇಳಿದೆ. ‘ಆ ವಯಸ್ಸಿಗೇ ತಾನಾಗಿ ಅತ್ತು ಹಿಂದಿರುಗಿಸಿದವಳು ಈಗ ಕದಿಯಲಾರಳು’ ಎಂಬುದು ನನ್ನ ವಾದ. ಬರೆದು, ತಿದ್ದಿ, ಇನ್ನೊಮ್ಮೆ ತಿದ್ದಿ ಹಾಕಿದೆ. ಹಾಕಿದ ಮೇಲೆ ಚೆನ್ನಾಗಿ ಬಂದಿದೆ ಎನ್ನಿಸಿತು. ಅದನ್ನೂ ಮುಚ್ಚಿಡುವುದಿಲ್ಲ. ಸಂಜೆಯೊಳಗೆ ಅವರು ಮೊದಲರ್ಧ ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿದ್ದರು. ‘ಆರನೇ ವಯಸ್ಸಿಗೇ ಶುರು.’ ನಿನ್ನ ಒಂದನೇ ಕ್ಲಾಸಿನ ಫೋಟೋವನ್ನು ಎಲ್ಲಿಂದಲೋ ಹುಡುಕಿ ಜೊತೆಗೆ ಹಾಕಿದ್ದರು. ಅಪ್ಪ ನೋಡಿ, "ಹೌದಾ?" ಎಂದು ನನ್ನನ್ನು ಒಮ್ಮೆ ಕೇಳಿದರು.

ಅಲ್ಲಿಯವರೆಗೆ ನೀನು ಅಳುತ್ತಿದ್ದೆ, ಬೈಯುತ್ತಿದ್ದೆ, ತಟ್ಟೆ ತಳ್ಳುತ್ತಿದ್ದೆ. ಅದನ್ನು ನೋಡಿದ ಮೇಲೆ ಮಾತೇ ನಿಲ್ಲಿಸಿದೆ. ಆ ವಿಷಯ ಗೊತ್ತಿದ್ದವರು ನಾವು ಮೂವರೇ: ನೀನು, ನಾನು, ನೀನು ಆಗಲೇ ಹೇಳಿಕೊಂಡಿದ್ದ ಯಾಸ್ಮೀನ್. ಒಂದೇ ಒಂದು ಸಲ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾಸ್ಮೀನ್ ಅಲ್ಲವಾ ಅಮ್ಮ ಎಂದು ಕೇಳಿದೆ. ನಾನು ಸೊಪ್ಪು ಬಿಡಿಸುತ್ತಿದ್ದೆ. ಇರಬಹುದು ಎಂದೆ.

ಖಾತೆ ತೆರೆದದ್ದು ಪೆದ್ದುತನ. ಈ ‘ಇರಬಹುದು’ ಪೆದ್ದುತನವಲ್ಲ. ಊರೆಲ್ಲ ನಿನ್ನನ್ನು ಬಿಟ್ಟಿರುವಾಗ ಅಮ್ಮನೂ ಇಲ್ಲ ಎನ್ನಿಸಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ನಿನ್ನ ಕಣ್ಣಿನಲ್ಲಿ ಆ ಜನರ ಸಾಲಿಗೆ ಸೇರುವುದಕ್ಕೆ ನನಗೆ ಭಯವಾಯಿತು.

ಆಮೇಲೆ ‘ಬೆನ್ನಿಗೆ ಚೂರಿ ಹಾಕಿದ ಗೆಳತಿ’ ಎಂದು ನೀನು ನಿನ್ನ ಪುಟದಲ್ಲಿ ನಾಲ್ಕು ಸಾಲು ಬರೆದೆ. ಹೆಸರು ಹಾಕಿರಲಿಲ್ಲ. ಅವರೇ ಹುಡುಕಿದರು. ಅವಳ ಜಾತಿ, ಧರ್ಮ ಎತ್ತಿ ಏನೇನು ಬರೆದರೆಂದು ಈ ಹಾಳೆಯ ಮೇಲೆ ತರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಅವಳು ಹೊಲಿಗೆಯ ಅಂಗಡಿಗೆಂದು ಮಾಡಿಕೊಂಡಿದ್ದ ಪುಟವನ್ನು ಮುಚ್ಚಬೇಕಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ಭಾರವನ್ನು ನೀನು ಹೊರಬೇಡ, ಅದು ನನ್ನದು.

ನಿನ್ನೆ ಅವಳ ಅಂಗಡಿಗೆ ಹೋಗಿದ್ದೆ. ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಎಲ್ಲ ಹೇಳಿದೆ. ದಾರ ಕಚ್ಚಿ ಕತ್ತರಿಸಿ, "ನಂಗೊತ್ತಿತ್ತು ಆಂಟಿ" ಎಂದಳು. "ಗೊತ್ತಿದ್ದಿದ್ದು ಮೂರು ಜನಕ್ಕೆ. ಅವ್ಳಲ್ಲ, ನಾನಲ್ಲ. ಇನ್ಯಾರು?" ಮತ್ತೆ ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ಅವ್ಳು ನಿಮ್ ಕೈಯಿಂದ ಊಟ ಮಾಡ್ತಿದ್ಳಾ? ನೀವಾದ್ರೂ ಪಕ್ಕದಲ್ಲಿರಿ ಅಂತ ಸುಮ್ನಿದ್ದೆ. ನೀವು ಅವ್ಳನ್ನ ಬೆಳಗೊಳಕ್ಕೆ ಕಳ್ಸಿ ಕೂತಿದೀರ" ಎಂದಳು. ಬೈದದ್ದು ಅಷ್ಟೇ. ಅವಳ ಅಮ್ಮ ತಾಜ್ ಬೀ ಟೀ ತಂದುಕೊಟ್ಟರು. ನನ್ನ ಮುಖ ನೋಡಲಿಲ್ಲ.

ನಾನು ಮರೆಯಲ್ಲಿ ನಿಂತು ಮಾಡಿದ್ದನ್ನೇ ಅವಳು ಎರಡು ತಿಂಗಳು ಮೈಮೇಲೆ ಹೊತ್ತು ನಡೆದಿದ್ದಾಳೆ. ಹಾಗಾಗಿ ನನ್ನನ್ನು ಕ್ಷಮಿಸು ಎಂದು ಕೇಳಲು ಈ ಪತ್ರವಲ್ಲ. ನಿನ್ನ ಮೇಲೆ ಬಂದ ಸಾವಿರ ಮಾತುಗಳಲ್ಲಿ ಒಂದನ್ನು, ನಿನ್ನನ್ನು ಹೆಚ್ಚು ಇರಿದದ್ದನ್ನು, ನಿನ್ನ ಗೆಳತಿ ಬರೆಯಲಿಲ್ಲ ಎಂದು ಹೇಳಲು. ಆ ಖಾತೆಯನ್ನು ಅಳಿಸಿಹಾಕಿದ್ದೇನೆ. ಬುಧವಾರ ಡಾಕ್ಟರ ಹತ್ತಿರ ಹೋಗು. ನನ್ನ ಜೊತೆ ಬೇಡ, ನೀನು ನಂಬುವವರ ಜೊತೆ.

ಬೆಲ್ ಹೊಡೆಯಿತು. ಕ್ಲಾಸಿಗೆ ಹೋಗಬೇಕು. ಏನು ಪಾಠ ಮಾಡುತ್ತೇನೋ ಗೊತ್ತಿಲ್ಲ.

ನೀನು ಹೇಗೆ ಕರೆದರೂ, ಕರೆಯದಿದ್ದರೂ,
ನಿನ್ನ ಅಮ್ಮ

ಮರೆತದ್ದು, ಅಲ್ಲ, ಮುಚ್ಚಿಟ್ಟದ್ದು: ಪತ್ರ ತೆಗೆದುಕೊಂಡು ಹೋಗಲು ಯಾಸ್ಮೀನ್ ಕಾಲೇಜಿಗೆ ಬಂದಿದ್ದಾಳೆ. ಕ್ಲಾಸಿಗೆ ತಡವಾದರೂ ಅವಳಿಗೆ ಓದಿ ಹೇಳಿದೆ. "ಖಾತೆ ಅಳಿಸಿದೀನಿ ಅಂತ ಬರ್ದಿದೀರಲ್ಲ, ಫೋನ್ ತೋರ್ಸಿ" ಎಂದಳು. ಅಳಿಸಿರಲಿಲ್ಲ. ಈ ಪತ್ರ ಬರೆಯುವ ನಡುವೆಯೇ ನಾಲ್ಕು ಸಲ ತೆರೆದು ನೋಡಿದ್ದೇನೆ, ಇವತ್ತು ಹೊಸದಾಗಿ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು. "ನಿಮ್ಗೂ ಅದೇ ಡಾಕ್ಟ್ರು ಬೇಕು ಆಂಟಿ" ಎಂದು ಫೋನನ್ನು ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. ನೀನಿದನ್ನು ಓದುವಾಗ ಅವಳು ಮಂಗಳತ್ತೆಯ ಅಡುಗೆಮನೆಯಲ್ಲಿರುತ್ತಾಳೆ. ನೀನು ಮಾತಾಡದಿದ್ದರೂ ಬುಧವಾರದವರೆಗೆ ಅಲ್ಲೇ ಇರುತ್ತಾಳಂತೆ. ನನ್ನನ್ನು ಬೈಯಬೇಕೆನ್ನಿಸಿದರೆ ಅಪ್ಪನ ಅಂಗಡಿಯ ನಂಬರಿಗೆ ಮಾಡು. ಕ್ಲಾಸು ಮುಗಿಸಿ ನೇರ ಅಲ್ಲಿಗೇ ಹೋಗುತ್ತೇನೆ. ಆ ಖಾತೆ ನನ್ನದೆಂದು ಅಪ್ಪನಿಗೆ ಇನ್ನೂ ಹೇಳಿಲ್ಲ.